ಹೆರಿಗೆಯ ನಂತರ ಯಾರೂ ಕೇಳದ ಟಿ.ಎಸ್.ಎಚ್.: ಗಡಿನಾಡಿನ ಒಂದು ಪ್ರಕರಣ

ಪೆರ್ಲದಿಂದ ಒಳಗೆ ಹೋಗುವ ಒಂದು ದಾರಿಯಲ್ಲಿ ನಮ್ಮ ಸಬ್‌ಸೆಂಟರ್ ಇದೆ. ನಾನು ಅಲ್ಲಿ ಸಿಸ್ಟರ್. ಬಸುರಿಯರ ಹೆಸರು ಬರೆದುಕೊಳ್ಳುವುದು, ತೂಕ ಮತ್ತು ಬಿ.ಪಿ. ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಕೊಡುವುದು ನನ್ನ ಕೆಲಸ. ಈ ಬರಹ ಥೈರಾಯ್ಡ್ ತೊಂದರೆಯಿದ್ದ ಒಬ್ಬಳೇ ಹೆಣ್ಣುಮಗಳ ಕಥೆ. ಟಿ.ಎಸ್.ಎಚ್. ಅಂದರೆ ಥೈರಾಯ್ಡ್ ನೋಡುವ ರಕ್ತಪರೀಕ್ಷೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ, ಹಾಗಾಗಿ ಇಲ್ಲಿ ತಂಗಿ ಎಂದೇ ಇರಲಿ.

ತಂಗಿಗೆ ಆಗ 27 ವರ್ಷ. ತವರು ವಿಟ್ಲದ ಹತ್ತಿರ, ಕರ್ನಾಟಕದಲ್ಲಿ. ಗಂಡನ ಮನೆ ಗಡಿಯ ಈಚೆ, ಕೇರಳದಲ್ಲಿ. ಅಡ್ಕಸ್ಥಳ ದಾಟಿ ಸಾರಡ್ಕ ಕಳೆದರೆ ರಾಜ್ಯವೇ ಬೇರೆ. ನಮಗೆ ಅದು ಬರೀ ಒಂದು ಬಸ್ಸಿನ ದಾರಿ. ಗಂಡ ಗಲ್ಫಿನಲ್ಲಿದ್ದ. ಮನೆಯಲ್ಲಿ ಅತ್ತೆ, ಮಾವ, ಎರಡು ದನ, ಸ್ವಲ್ಪ ಅಡಿಕೆ ತೋಟ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕೇಳಿದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ. ಓದಲು ಬರುವುದಿಲ್ಲ.

ಮೇ ತಿಂಗಳ ಮೊದಲ ವಾರ ಅವಳು ಸಬ್‌ಸೆಂಟರಿಗೆ ಬಂದಳು. ಏಳು ವಾರ. ಮುಖದಲ್ಲಿ ಖುಷಿಗಿಂತ ಹೆದರಿಕೆ ಜಾಸ್ತಿ ಇತ್ತು. ಎರಡು ವರ್ಷ ಹಿಂದೆ ಒಂದು ಬಸಿರು ಒಂಬತ್ತು ವಾರಕ್ಕೇ ಹೋಗಿತ್ತು. ಆಗ ಥೈರಾಯ್ಡ್ ನೋಡಿರಲಿಲ್ಲ. ಅದು ಥೈರಾಯ್ಡಿನಿಂದಲೇ ಹೋಯಿತು ಎಂದು ಈಗ ಹೇಳಲು ಸಾಧ್ಯವಿಲ್ಲ. ಆದರೆ ಈ ಸಲ ಡಾಕ್ಟರು ಮೊದಲ ರಕ್ತಪರೀಕ್ಷೆಯಲ್ಲೇ ಅದನ್ನೂ ಬರೆದರು. ಅವಳ ಚಿಕ್ಕಮ್ಮ ಥೈರಾಯ್ಡ್ ಮಾತ್ರೆ ತಿನ್ನುತ್ತಾರೆ ಎಂದು ಕೇಳಿದ್ದೂ ಒಂದು ಕಾರಣ.

ಟಿ.ಎಸ್.ಎಚ್. 8.6 ಬಂತು. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, ಸರಿಯಿತ್ತು. ಆಂಟಿ ಟಿ.ಪಿ.ಒ. ಪಾಸಿಟಿವ್.

ಇದರ ಅರ್ಥ ಹೇಳುತ್ತೇನೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದರ ಕೂಗೇ ಟಿ.ಎಸ್.ಎಚ್. ತೋಟದ ಆಚೆ ಬದಿಯಲ್ಲಿ ಇರುವವರನ್ನು ಕರೆದ ಹಾಗೆ. ಕೇಳಿಸದಿದ್ದರೆ ಇನ್ನೂ ಜೋರಾಗಿ ಕರೆಯುತ್ತೇವೆ, ಅಲ್ವಾ? ಟಿ.ಎಸ್.ಎಚ್. ಏರಿದೆ ಅಂದರೆ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ಆಂಟಿ ಟಿ.ಪಿ.ಒ. ಅಂದರೆ ನಮ್ಮದೇ ದೇಹದ ಕಾವಲು ನಮ್ಮದೇ ಗ್ರಂಥಿಯ ಮೇಲೆ ಬಿದ್ದಿರುವುದರ ಗುರುತು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಕಾಯಿಲೆಯ ಜಾತಿಯದು.

ಬಸುರಿಯಲ್ಲಿ ಇದನ್ನು ಯಾಕೆ ಇಷ್ಟು ಗಮನಿಸಬೇಕು? ಮೊದಲ ಹನ್ನೆರಡು ವಾರ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ. ತಾಯಿಯದೇ ಹೋಗಬೇಕು. ನಂತರ ಮಗುವಿನ ಗ್ರಂಥಿ ಶುರುಮಾಡಿದರೂ ಅದು ಪೂರ್ತಿ ಕೆಲಸಕ್ಕೆ ಬರುವುದು ಐದನೇ ತಿಂಗಳ ಹೊತ್ತಿಗೆ. ಮಗುವಿನ ಮೆದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು. ತಾಯಿಯ ಗ್ರಂಥಿಗೆ ಆಗ ಮಾಮೂಲಿಗಿಂತ ಜಾಸ್ತಿ ಕೆಲಸ. ಮೊದಲೇ ಸೊರಗಿದ ಗ್ರಂಥಿ ಅಲ್ಲಿ ಹಿಂದೆ ಬೀಳುತ್ತದೆ.

ಅತ್ತೆಯ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು. “ಸಿಸ್ಟರೇ, ಇದು ಆ ಸ್ಪ್ರೇಯಿಂದ ಆದದ್ದಾ?” ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಇಲ್ಲಿ ಬಸುರಿಗೆ ಏನೇ ಆದರೂ ಮೊದಲು ಬರುವ ಪ್ರಶ್ನೆ ಅದು. ಆ ಹೆದರಿಕೆಯನ್ನು ನಾನು ಯಾವತ್ತೂ ಹಗುರವಾಗಿ ತಳ್ಳಿಹಾಕುವುದಿಲ್ಲ. ತಂಗಿ ಬೆಳೆದದ್ದು ಇಲ್ಲಲ್ಲ, ಇದು ದೇಶದ ಎಲ್ಲ ಕಡೆ ಹೆಂಗಸರಲ್ಲಿ ಕಾಣುವ ಕಾಯಿಲೆ, ಮನೆತನದಲ್ಲೂ ಬರುತ್ತದೆ ಎಂದು ಕೂತು ಹೇಳಿದೆ. ಅವರು ತಲೆಯಾಡಿಸಿದರು.

ಡಾಕ್ಟರು 50 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ಶುರುಮಾಡಿದರು. ಟಿ.ಎಸ್.ಎಚ್. ಗುರಿ 2.5ಕ್ಕಿಂತ ಕೆಳಗೆ. ಲ್ಯಾಬಿನ ಕಾಗದದಲ್ಲಿ ಅಚ್ಚಾದ ‘ನಾರ್ಮಲ್’ ಅಂಕಿ ಬಸುರಿಯರದ್ದಲ್ಲ, ಮಾಮೂಲಿ ಜನರದ್ದು. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳುವವರು ತುಂಬ ಮಂದಿ.

ಹನ್ನೆರಡನೇ ವಾರಕ್ಕೆ ಟಿ.ಎಸ್.ಎಚ್. 3.1ಕ್ಕೆ ಇಳಿಯಿತು. ಮಾತ್ರೆ 75 ಆಯಿತು. ಎಲ್ಲ ಸರಿದಾರಿಯಲ್ಲಿತ್ತು. ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಮಾಡಬೇಕು ಎಂದು ಬರೆದಿದ್ದರು. ಆದರೆ ಮಳೆ ಹಿಡಿಯಿತು, ತುಳುನಾಡಿನ ಮಳೆಗಾಲದ ತಿಂಗಳು ಆಟಿ ಬಂತು. ಆಟಿಯಲ್ಲಿ ಬಸುರಿಯನ್ನು ಬದಿಯಡ್ಕದ ಲ್ಯಾಬಿಗೆ ಕಳಿಸಲು ಅತ್ತೆಗೆ ಮನಸ್ಸಿಲ್ಲ. ಹದಿನಾರಕ್ಕೆ ಆಗಬೇಕಾದ ಪರೀಕ್ಷೆ ಹತ್ತೊಂಬತ್ತನೇ ವಾರಕ್ಕೆ ಆಯಿತು. ಟಿ.ಎಸ್.ಎಚ್. 6.8.

ಮಾತ್ರೆ ಜಾಸ್ತಿ ಮಾಡಿದ ಮೇಲೆ ಅಂಕಿ ಇಳಿಯಬೇಕು. ಇದು ಏರಿತ್ತು. ಡಾಕ್ಟರು ಡೋಸ್ ಏರಿಸುವ ಮೊದಲು ನನಗೆ ಫೋನ್ ಮಾಡಿದರು. “ಮನೆಗೆ ಹೋಗಿ ನೋಡಿ ಬನ್ನಿ, ಹೇಗೆ ತಿನ್ನುತ್ತಾಳೆ ಅಂತ.”

ಹೋದೆ. ಜಗಲಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಎಲ್ಲ ಮಾತ್ರೆಗಳೂ ಒಟ್ಟಿಗೆ. ತಂಗಿ ಬೆಳಿಗ್ಗೆ ಎದ್ದು ಚಾ ಕುಡಿದು, ಅದರ ಬೆನ್ನಿಗೇ ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಮೂರನ್ನೂ ಒಂದೇ ಲೋಟ ನೀರಿನಲ್ಲಿ ನುಂಗುತ್ತಿದ್ದಳು. “ಮರೆಯದ ಹಾಗೆ ಒಟ್ಟಿಗೆ ಇಟ್ಟದ್ದು ಅಕ್ಕ,” ಅಂದಳು. ಅವಳ ತಪ್ಪಿರಲಿಲ್ಲ. ಹದಿನಾಲ್ಕನೇ ವಾರಕ್ಕೆ ಕಬ್ಬಿಣ, ಕ್ಯಾಲ್ಸಿಯಂ ಕೊಟ್ಟವಳು ನಾನೇ. ದಿನಾ ತಪ್ಪಿಸಬೇಡ ಎಂದು ಹೇಳಿದ್ದೆ. ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಬೇಕು ಎಂದು ಹೇಳಿರಲಿಲ್ಲ. ಖಾಲಿ ಹೊಟ್ಟೆಗೆ ತಿನ್ನಬೇಕು ಎಂಬುದು ಅವಳ ಚೀಟಿಯಲ್ಲಿ ಇತ್ತು, ಮಲಯಾಳದಲ್ಲಿ. ಅವಳು ಓದಲಾರಳು, ನಾನು ಓದಿ ಹೇಳಲಿಲ್ಲ. ಅವತ್ತು ಆ ಜಗಲಿಯಲ್ಲಿ ಕೂತು ನನಗೆ ಆದ ಸಂಕಟ ಈಗಲೂ ನೆನಪಿದೆ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಲಿವೋಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತವೆ. ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಾಫಿ, ಚಾ, ತಿಂಡಿ ಜೊತೆಯಲ್ಲಿದ್ದರೂ ಹೀರಿಕೊಳ್ಳುವುದು ಕಡಿಮೆ. ಹಾಗಂತ ಕಬ್ಬಿಣ ಬಿಡುವ ಹಾಗಿಲ್ಲ, ರಕ್ತಹೀನತೆಯೂ ಬಸುರಿಗೆ ದೊಡ್ಡ ಶತ್ರು. ಹೊತ್ತು ಮಾತ್ರ ಬೇರೆ ಮಾಡಬೇಕು.

ಅಲ್ಲೇ ಕೂತು ದಿನದ ಲೆಕ್ಕ ಹಾಕಿದೆವು. ದನ ಕರೆಯಲು ಅತ್ತೆ ಐದೂವರೆಗೆ ಏಳುತ್ತಾರೆ. ಆಗಲೇ ಅವಳನ್ನೂ ಎಬ್ಬಿಸಿ ಥೈರಾಯ್ಡ್ ಮಾತ್ರೆ ಬರೀ ನೀರಿನಲ್ಲಿ ಕೊಡುವುದು. ಹಾಲು ಕರೆದು, ಸೊಸೈಟಿಗೆ ಕೊಟ್ಟು ಬಂದು ಒಟ್ಟಿಗೆ ಚಾ. ಅಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಮಧ್ಯಾಹ್ನ ಊಟದ ಮೇಲೆ ಕಬ್ಬಿಣ, ಜೊತೆಗೆ ಲಿಂಬೆ ಶರಬತ್ತು. ಸಂಜೆ ತಿಂಡಿಗೊಂದು, ರಾತ್ರಿ ಊಟಕ್ಕೊಂದು ಕ್ಯಾಲ್ಸಿಯಂ. ಈ ಏರ್ಪಾಡನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡರು. ಒಂದು ದಿನವೂ ತಪ್ಪಿಸಲಿಲ್ಲ. ಸೊಸೆಗೆ ಮಾತ್ರೆ ಕೊಡುವ ಅತ್ತೆಯರನ್ನು ನಾನು ತುಂಬ ಕಂಡಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಡೋಸ್ ಏರಿಸಲಿಲ್ಲ. ಅದೇ 75. ಇಪ್ಪತ್ತಮೂರನೇ ವಾರಕ್ಕೆ ಟಿ.ಎಸ್.ಎಚ್. 2.2. ಮೂವತ್ತನೇ ವಾರಕ್ಕೆ 1.9.

ಉಪ್ಪಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆ ಮನೆಯಲ್ಲಿ ಕಲ್ಲುಪ್ಪು ಬಳಸುತ್ತಿದ್ದರು, ಪ್ಯಾಕೆಟಿನಲ್ಲಿ ಅಯೋಡಿನ್ ಎಂದು ಬರೆದಿರಲಿಲ್ಲ. ಬದಲಾಯಿಸಿದೆವು. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೋಸು ತಿನ್ನಬಾರದಾ ಎಂದು ಎಲ್ಲರೂ ಕೇಳುತ್ತಾರೆ. ಬೇಯಿಸಿ, ಹಿತಮಿತವಾಗಿ ತಿಂದರೆ ಏನೂ ಆಗುವುದಿಲ್ಲ.

ಡಿಸೆಂಬರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, 2.9 ಕಿಲೋ. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಮಗುವಿನ ಥೈರಾಯ್ಡ್ ನೋಡಿದರು. ಸರಿಯಿತ್ತು. ತಾಯಿಗೆ ತೊಂದರೆ ಇದ್ದರೂ ಇಲ್ಲದಿದ್ದರೂ ಈ ಪರೀಕ್ಷೆ ಎಲ್ಲ ಮಕ್ಕಳಿಗೂ ಆಗಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವ ಮಗು ಮೊದಲ ದಿನಗಳಲ್ಲಿ ಹೆಚ್ಚಾಗಿ ಹೊರಗೆ ಏನೂ ತೋರಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಮದ್ದು ಸಿಕ್ಕಿದರೆ ಎಲ್ಲರಂತೆ ಬೆಳೆಯುತ್ತದೆ.

ನನ್ನ ರಿಜಿಸ್ಟರಿನಲ್ಲಿ ಬರೆದೆ: ಸಹಜ ಹೆರಿಗೆ, ತಾಯಿ ಮಗು ಕ್ಷೇಮ. ಇಲ್ಲಿಗೆ ಎಷ್ಟೋ ಕಡೆ ಲೆಕ್ಕ ಮುಗಿಯುತ್ತದೆ. ತಂಗಿಯ ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದಲೇ.

ಆಸ್ಪತ್ರೆಯ ಚೀಟಿಯಲ್ಲಿ ಎರಡು ಮಾತು ಇದ್ದವು. ಥೈರಾಯ್ಡ್ ಮಾತ್ರೆ 50ಕ್ಕೆ ಇಳಿಸಿ. ಆರು ವಾರಕ್ಕೆ ಟಿ.ಎಸ್.ಎಚ್. ನೋಡಿ. ಹೆರಿಗೆಯಾದ ಮೇಲೆ ದೇಹಕ್ಕೆ ಬೇಕಾದಷ್ಟು ಹಾರ್ಮೋನ್ ಕಡಿಮೆಯಾಗುತ್ತದೆ, ಅದಕ್ಕೇ ಇಳಿಸುವುದು. ಐದನೇ ದಿನ ತಂಗಿ ಮಗುವಿನ ಜೊತೆ ಸಾರಡ್ಕ ದಾಟಿ ತವರಿಗೆ ಹೋದಳು. ಅಲ್ಲಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವಿನ ತೂಕ ನೋಡಿದರು, ಮಲಯಾಳದ ಕಾರ್ಡು ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅವರಿಗಾದರೂ ಹೇಗೆ ಗೊತ್ತಾಗಬೇಕು?

ಬಾಣಂತನ ಶುರುವಾಯಿತು. ಎಣ್ಣೆ, ಬಿಸಿನೀರು, ಕಷಾಯ, ಲೇಹ್ಯ. ಅಜ್ಜಿ ಹೇಳಿದರಂತೆ, “ಬಸುರಿನ ಗುಳಿಗೆ ಬಸುರಿಗೆ ಆಯ್ತು. ಈಗ ಎಂತಕ್ಕೆ? ಲೇಹ್ಯದೊಟ್ಟಿಗೆ ಇಂಗ್ಲಿಷ್ ಮದ್ದು ಆಗುದಿಲ್ಲ.” ಹತ್ತನೇ ದಿನಕ್ಕೆ ಮಾತ್ರೆ ನಿಂತಿತು. ಆರು ವಾರದ ಪರೀಕ್ಷೆ ಯಾರಿಗೂ ನೆನಪಾಗಲಿಲ್ಲ. ಮಗುವಿನ ಚುಚ್ಚುಮದ್ದು ಮಾತ್ರ ಆರು ವಾರಕ್ಕೆ ಸರಿಯಾಗಿ ಆಗಿತ್ತು.

ಮಾರ್ಚಿನಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಫೋನು. “ಅಕ್ಕ, ಎದೆ ಡಬಡಬ ಅಂತಾ ಉಂಟು. ಕೈ ನಡುಗ್ತದೆ. ಮಗು ಮಲಗಿದ್ರೂ ನಂಗೆ ನಿದ್ದೆ ಬರುದಿಲ್ಲ.” ಮೂರು ತಿಂಗಳಲ್ಲಿ ತುಂಬ ಬಡವಾಗಿದ್ದಳು. ಬೆವರು, ಸಿಟ್ಟು. ಲೇಹ್ಯದ ಉಷ್ಣ ಎಂದರು ಒಬ್ಬರು. ದೃಷ್ಟಿ ಎಂದರು ಇನ್ನೊಬ್ಬರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ನೋಡಿದ್ದರು. ಟಿ.ಎಸ್.ಎಚ್. 0.02, ಫ್ರೀ ಟಿ4 ಜಾಸ್ತಿ. ಥೈರಾಯ್ಡ್ ಹೆಚ್ಚಾಗಿದೆ ಎಂದು ಕಾರ್ಬಿಮಜೋಲ್ ಬರೆದುಕೊಟ್ಟಿದ್ದರು. ಹಿಂದೆ ಕಡಿಮೆ ಅಂದಿದ್ದರು, ಈಗ ಹೆಚ್ಚು ಅನ್ನುತ್ತಾರೆ, ಯಾವುದು ನಿಜ ಎಂದು ಅವಳಿಗೆ ಗೊಂದಲ. ಮದ್ದು ಇನ್ನೂ ತಂದಿರಲಿಲ್ಲ.

ಡಾಕ್ಟರು ಬರೆದ ಮದ್ದು ಬೇಡ ಎನ್ನುವ ಅಧಿಕಾರ ನನಗಿಲ್ಲ. ನಾಳೆಯೇ ಮಂಗಳೂರಿನಲ್ಲಿ ಹಾರ್ಮೋನ್ ತಜ್ಞರನ್ನು ಕಾಣು, ಬಸುರಿಯಲ್ಲಿ ಮಾಡಿದ ಎಲ್ಲ ರಿಪೋರ್ಟನ್ನೂ ತೆಗೆದುಕೊಂಡು ಹೋಗು ಎಂದೆ. ಆ ಆಂಟಿ ಟಿ.ಪಿ.ಒ. ಕಾಗದ ಅತ್ತೆಯ ಮನೆಯಲ್ಲಿತ್ತು. ಮಾವ ಬೆಳಿಗ್ಗೆ ಮೊದಲ ಬಸ್ಸಿಗೆ ಅದನ್ನು ಹಿಡಿದುಕೊಂಡು ಹೋದರು.

ಆ ತಜ್ಞರು ಮೊದಲು ಕೇಳಿದ್ದು ಒಂದೇ. ಥೈರಾಯ್ಡ್ ಮಾತ್ರೆ ಈಗ ತಿನ್ನುತ್ತಿದ್ದೀಯಾ? ಡೋಸ್ ಜಾಸ್ತಿಯಾಗಿಯೂ ಹೀಗೆ ಬರಬಹುದು. ನಿಲ್ಲಿಸಿ ಎರಡೂವರೆ ತಿಂಗಳು ಕಳೆದಿತ್ತು, ಹಾಗಾಗಿ ಅದಲ್ಲ. ಕಣ್ಣು ನೋಡಿದರು, ಉಬ್ಬಿರಲಿಲ್ಲ. ಕುತ್ತಿಗೆ ಒತ್ತಿದರು, ನೋವಿರಲಿಲ್ಲ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಹೌದೋ ಅಲ್ಲವೋ ನೋಡಲು ಟಿ.ಎಸ್.ಎಚ್. ರಿಸೆಪ್ಟರ್ ಆಂಟಿಬಾಡಿ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. ಮೊಲೆಹಾಲು ಕೊಡುವ ತಾಯಿಗೆ ರೇಡಿಯೋ ಅಯೋಡಿನ್ ಕೊಟ್ಟು ಪರೀಕ್ಷೆ ಮಾಡುವಂತಿಲ್ಲ, ಹಾಗಾಗಿ ರಕ್ತದಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು. ಹಳೆಯ ಟಿ.ಪಿ.ಒ. ಕಾಗದ ನೋಡಿದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ. ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತ ಇದು.

ನಾನು ಊರಿನವರಿಗೆ ಇದನ್ನು ಹುಲ್ಲಿನಲ್ಲಿ ಕಟ್ಟಿಡುವ ಅಕ್ಕಿ ಮುಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಮುಡಿ ಬಿರಿದರೆ ಅಕ್ಕಿ ಚೆಲ್ಲಿ ಮನೆ ತುಂಬ ಕಾಣುತ್ತದೆ. ಅದು ಬೆಳೆ ಜಾಸ್ತಿ ಬಂದದ್ದಲ್ಲ. ಇಟ್ಟದ್ದು ಸೋರಿದ್ದು. ಬಸುರಿಯಲ್ಲಿ ತಗ್ಗಿದ್ದ ದೇಹದ ಕಾವಲು ಹೆರಿಗೆಯಾದ ಮೇಲೆ ಮತ್ತೆ ಏಳುತ್ತದೆ, ಗ್ರಂಥಿಗೆ ಪೆಟ್ಟು ಬಿದ್ದು ಕೂಡಿಟ್ಟ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ಚೆಲ್ಲುತ್ತದೆ. ಕಾರ್ಬಿಮಜೋಲ್ ಹೊಸ ಬೆಳೆಯನ್ನು ನಿಲ್ಲಿಸುವ ಮದ್ದು. ಇಲ್ಲಿ ಬೆಳೆಯೇ ನಡೆಯುತ್ತಿಲ್ಲ. ಹಾಗಾಗಿ ಅದರಿಂದ ಪ್ರಯೋಜನವಿಲ್ಲ. ಎದೆಬಡಿತಕ್ಕೆ ಸ್ವಲ್ಪ ದಿನ ಪ್ರೊಪ್ರನಲಾಲ್ ಕೊಟ್ಟರು, ಹಾಲು ಕೊಡುವುದು ಮುಂದುವರಿಸಬಹುದು ಎಂದರು. ಮುಡಿ ಖಾಲಿಯಾದ ಮೇಲೆ ಕೊರತೆ ಬರಬಹುದು, ಆರು ವಾರಕ್ಕೊಮ್ಮೆ ರಕ್ತ ನೋಡಿ ಎಂದೂ ಹೇಳಿದರು.

ನೂರು ಬಾಣಂತಿಯರಲ್ಲಿ ಸುಮಾರು ಐವರಿಗೆ ಇದು ಬರುತ್ತದೆ. ಬಸುರಿಯ ಮೊದಲ ತಿಂಗಳುಗಳಲ್ಲಿ ಟಿ.ಪಿ.ಒ. ಪಾಸಿಟಿವ್ ಇದ್ದವರಲ್ಲಾದರೆ ಮೂರರಲ್ಲಿ ಒಬ್ಬರಿಗೆ, ಕೆಲವು ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರಿಗೆ. ಅಂದರೆ ಮೇ ತಿಂಗಳಲ್ಲೇ ನಮ್ಮ ಕೈಯಲ್ಲಿ ಸೂಚನೆ ಇತ್ತು.

ಮೇಯಲ್ಲಿ ಟಿ.ಎಸ್.ಎಚ್. 0.9 ಬಂತು. ಎದೆಬಡಿತ ನಿಂತಿತು. ಎಲ್ಲರೂ ಸರಿಯಾಯಿತು ಅಂದರು. ನಾನೂ ಫೋನಿನಲ್ಲಿ ಒಳ್ಳೆಯದಾಯ್ತು ಎಂದೆ. ಹಾರ್ಮೋನ್ ಮೇಲಿನಿಂದ ಕೆಳಗೆ ಇಳಿಯುವ ದಾರಿಯಲ್ಲಿ ಅಂಕಿ ಒಮ್ಮೆ ನಡುವಿನಲ್ಲಿ ಹಾದುಹೋಗಲೇಬೇಕು. ಅದನ್ನು ಗುಣವಾದದ್ದು ಎಂದು ಓದಿದೆವು. ಮುಂದಿನ ಪರೀಕ್ಷೆಗೆ ಅವಳು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಮಗುವಿಗೆ ಒಂಬತ್ತು ತಿಂಗಳ ಚುಚ್ಚುಮದ್ದು. ತಂಗಿ ಗಂಡನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅವಳನ್ನು ಕಂಡು ನಾನು ಸಿರಿಂಜ್ ಕೆಳಗಿಟ್ಟೆ. ಮುಖ ಬಾತಿತ್ತು. ಹುಬ್ಬಿನ ತುದಿ ಉದುರಿತ್ತು. ಸ್ವರ ದಪ್ಪವಾಗಿತ್ತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಹೊತ್ತು. ಮಗು ಚುಚ್ಚಿಸಿಕೊಂಡು ಕಿರುಚಿತು, ಎತ್ತಿಕೊಂಡದ್ದು ಅತ್ತೆ. “ಮೊದಲು ಹೀಗಿರಲಿಲ್ಲ ಸಿಸ್ಟರೇ, ಈಗ ಯಾವ ಕೆಲಸಕ್ಕೂ ಏಳುದಿಲ್ಲ. ಉದಾಸೀನ,” ಅಂದರು. ಬೈಗುಳಕ್ಕಿಂತ ಅದರಲ್ಲಿ ನೋವೇ ಜಾಸ್ತಿ ಇತ್ತು.

ಅತ್ತೆ ಹೊರಗೆ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು. “ಮಗು ಅತ್ರೂ ನಂಗೆ ಎಂತ ಅನಿಸುದಿಲ್ಲ ಅಕ್ಕ. ನಾನು ಅಮ್ಮ ಆಗ್ಲಿಕ್ಕೇ ಆಗದವಳಾ?”

ಟಿ.ಎಸ್.ಎಚ್. 48.

ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಥೈರಾಯ್ಡ್ ಒಂದನ್ನೇ ನೋಡಿ ಬಿಡಲಿಲ್ಲ. ಬಾಣಂತಿಯರ ಖಿನ್ನತೆ ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿಯನ್ನು ಕೂತು ಕೇಳಿದರು. ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತಾ ಎಂದೂ ಕೇಳಿದರು. ಇರಲಿಲ್ಲ. ಆದರೆ ಮನಸ್ಸು ತುಂಬ ಕುಗ್ಗಿತ್ತು. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಎರಡೂ ಒಟ್ಟಿಗೆ ಇರಲೂಬಹುದು. ಮಾತ್ರೆ ಕೊಟ್ಟೆವು, ಮನಸ್ಸು ತಾನೇ ಸರಿಯಾಗುತ್ತದೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಲಿವೋಥೈರಾಕ್ಸಿನ್ 75 ಶುರುವಾಯಿತು, ಜೊತೆಗೆ ಆಪ್ತಸಲಹೆಯೂ. ಲಿವೋಥೈರಾಕ್ಸಿನ್ ತಿನ್ನುತ್ತಾ ಹಾಲು ಕೊಡಲು ಯಾವ ಅಡ್ಡಿಯೂ ಇಲ್ಲ.

ಅತ್ತೆಯ ಹತ್ತಿರ ನಾನೇ ಮಾತಾಡಿದೆ. ಅವಳದು ಉದಾಸೀನ ಅಲ್ಲ, ಕಾಯಿಲೆ ಎಂದು ರಿಪೋರ್ಟ್ ಕೈಗೆ ಕೊಟ್ಟು ಹೇಳಿದೆ. ನಾಲ್ಕರ ಬದಲು ನಲವತ್ತೆಂಟು ಎಂದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಐದೂವರೆಗೆ ಅವರೇ ಎಬ್ಬಿಸಿ ಮಾತ್ರೆ ಕೊಟ್ಟರಂತೆ, ಹಿಂದಿನ ಹಾಗೆಯೇ.

ಆರು ವಾರಕ್ಕೆ 7.1. ಡೋಸ್ 88 ಆಯಿತು. ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೆ 2.4. ಮುಖದ ಬಾವು ಬೇಗ ಇಳಿಯಿತು. ಕೂದಲು ಬರಲು ತಡವಾಯಿತು. ಮಗುವಿನ ಅಳುವಿಗೆ ಅವಳು ಎದ್ದು ಓಡಿದ್ದನ್ನು ಅತ್ತೆ ನನಗೆ ಫೋನ್ ಮಾಡಿ ಹೇಳಿದರು.

ತುಂಬ ಮಂದಿಗೆ ಈ ಉರಿಯೂತ ವರ್ಷದೊಳಗೆ ಇಳಿದು ಗ್ರಂಥಿ ಸರಿಯಾಗುತ್ತದೆ. ಆಮೇಲೆ ಡಾಕ್ಟರು ಮಾತ್ರೆ ಕಡಿಮೆ ಮಾಡಿ ನೋಡುತ್ತಾರೆ. ತಂಗಿಗೆ ಬಸುರಿಯಲ್ಲೇ ಕೊರತೆ ಇತ್ತು, ಹಾಗಾಗಿ ಮಾತ್ರೆ ಮುಂದುವರಿಯಬಹುದು ಎಂದರು. ಇನ್ನೊಂದು ಮಗು ಬೇಕೆಂದಿದ್ದರೆ ಮೊದಲು ಟಿ.ಎಸ್.ಎಚ್. ನೋಡಿ, 2.5ರ ಒಳಗೆ ತಂದುಕೊಳ್ಳಿ. ಬಸುರಿ ಎಂದು ಗೊತ್ತಾದ ದಿನವೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ಆ ವಾರವೇ ರಕ್ತಪರೀಕ್ಷೆ. ಇದು ಅವಳಿಗೆ ಅವಳ ಡಾಕ್ಟರು ಹೇಳಿದ ಲೆಕ್ಕ. ನಾನು ಅದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. ಕೊನೆಯಲ್ಲಿ ‘ಟಿ.ಪಿ.ಒ. ಪಾಸಿಟಿವ್, ಹೆರಿಗೆ ಆಗಿ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ರಕ್ತ ನೋಡಬೇಕು’ ಎಂದೂ ಬರೆದೆ. ಗಡಿಯಾಚೆ ಹೋದರೂ ಡಬ್ಬಿ ಅವಳ ಜೊತೆಗೇ ಹೋಗುತ್ತದೆ.

ನನ್ನ ರಿಜಿಸ್ಟರಿನಲ್ಲೂ ಈಗ ಥೈರಾಯ್ಡ್ ಇರುವ ತಾಯಂದಿರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು, ತವರಿನ ಫೋನ್ ನಂಬರು ಇರುತ್ತವೆ. ಮಗುವಿನ ಚುಚ್ಚುಮದ್ದಿಗೆ ಬಂದಾಗ ತಾಯಿಯ ರಕ್ತ ನೋಡಿದ್ದೀರಾ ಎಂದು ಕೇಳುತ್ತೇನೆ. ಗಡಿಯಾಚೆ ಇದ್ದರೆ ಫೋನ್ ಮಾಡುತ್ತೇನೆ.

ಹೋದ ತಿಂಗಳು ತಂಗಿಯ ಫೋನು ಬಂತು. ಮಗುವಿಗೆ ಮೂರು ತುಂಬಿದೆ. “ಅಕ್ಕ, ಎರಡು ಗೆರೆ ಬಂತು. ಮುಚ್ಚಳ ಓದಿದೆ. ಇವತ್ತೇ ಒಂದು ಜಾಸ್ತಿ ತಿಂದೆ, ಇನ್ನೊಂದು ಶುಕ್ರವಾರಕ್ಕೆ. ರಕ್ತ ಕೊಡ್ಲಿಕ್ಕೆ ನಾಳೆ ಬದಿಯಡ್ಕಕ್ಕೆ ಅತ್ತೆಯೊಟ್ಟಿಗೆ ಹೋಗ್ತೇನೆ.” ಹೊರಗೆ ಜೋರು ಮಳೆ. ಆಟಿ ಅಲ್ವಾ ಎಂದು ಕೇಳಿದೆ. “ಅತ್ತೆಯೇ ಹೇಳಿದ್ದು, ಹೋಗುವ ಅಂತ,” ಅಂದಳು.